ಒಲವು ಮೂಡುವ ಬಗೆ: ಮನಶ್ಶಾಸ್ತ್ರ ಏನನ್ನುತ್ತದೆ?

"ಡಾಕ್ಟ್ರೇ, ಇವಳಿಗೆ ಏನಾಗಿದೆ ಅಂತ ನೀವೇ ನೋಡಿ. ಮೂರು ತಿಂಗಳಾಯ್ತು, ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ. ಕೇಳಿದ್ರೆ ರೈಲಿನಲ್ಲಿ ಸಿಕ್ಕ ಯಾರೋ ಹುಡುಗನನ್ನ ಮದುವೆ ಆಗ್ತೀನಿ ಅಂತಾಳೆ. ಇದಕ್ಕೆ ಏನಾದ್ರೂ ಮಾತ್ರೆ ಇದೆಯಾ?"

ತುಮಕೂರಿನಿಂದ ಮಗಳನ್ನು ಕರೆತಂದಿದ್ದ ನಿವೃತ್ತ ಶಿಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷಗಳಿಂದ ದಿನವೂ ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ವಾಪಸು. ಹುಡುಗನೂ ಅದೇ ರೈಲಿನ ಪಾಸಿನವನು, ಅದೇ ಬೋಗಿಯವನು. ಜಾತಿ ಬೇರೆ. ವಿಷಯ ತಿಳಿದ ದಿನವೇ ತಂದೆ ರೈಲಿನ ಪಾಸನ್ನು ಕಿತ್ತಿಟ್ಟುಕೊಂಡು ಬಸ್ಸಿನಲ್ಲಿ ಓಡಾಡುವಂತೆ ಮಾಡಿದ್ದರು. ಊಟ, ನಿದ್ದೆ ಕೆಟ್ಟಿದ್ದು ಆಮೇಲೆ. ತಾಯಿ ಒಂದು ಮೂಲೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಹುಡುಗಿಯನ್ನು ಪರೀಕ್ಷಿಸಿದೆ. ರಕ್ತ ಪರೀಕ್ಷೆಯಲ್ಲೂ ತೊಂದರೆ ಏನೂ ಕಾಣಲಿಲ್ಲ. ಒಬ್ಬಳನ್ನೇ ಕೂರಿಸಿ ಮಾತನಾಡಿಸಿದಾಗ ಅವಳು ಕೇಳಿದ್ದು ತಂದೆ ಕೇಳಿದ್ದಕ್ಕಿಂತ ಕಷ್ಟದ ಪ್ರಶ್ನೆ: "ಇದು ನಿಜವಾದ ಪ್ರೀತಿಯೇ ಅಂತ ಗೊತ್ತಾಗೋದು ಹೇಗೆ ಡಾಕ್ಟ್ರೇ? ನನಗೇ ಕೆಲವು ಸಲ ಅನುಮಾನ ಬರುತ್ತೆ."

ಹಿರಿಯರು ಇದನ್ನು ಋಣಾನುಬಂಧ ಎಂದರು, ಕವಿಗಳು ಬೇರೇನೋ ಎಂದರು. ಒಬ್ಬರಿಗೆ ಇನ್ನೊಬ್ಬರ ಮೇಲೆ ಒಲವು ಹೇಗೆ ಮೂಡುತ್ತದೆ ಎಂಬುದನ್ನು ಸುಮಾರು ತೊಂಬತ್ತು ವರ್ಷಗಳಿಂದ ಮನೋವಿಜ್ಞಾನಿಗಳೂ ಸಮಾಜವಿಜ್ಞಾನಿಗಳೂ ಲೆಕ್ಕ ಹಾಕಿ, ಪ್ರಯೋಗ ಮಾಡಿ ನೋಡಿದ್ದಾರೆ. ಅವರಿಗೆ ಎಲ್ಲವೂ ತಿಳಿದಿದೆ ಎಂದಲ್ಲ. ಆದರೆ ಆ ಹುಡುಗಿಯ ಪ್ರಶ್ನೆಗೂ, ಒಂದು ಮಟ್ಟಿಗೆ ಅವಳ ತಂದೆಯ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ.

ಪಕ್ಕದ ಮನೆ, ಎದುರು ಸೀಟು

ಮೊದಲನೆಯ ಸಂಗತಿ ಬಹಳ ಸಪ್ಪೆ. ನಾವು ಒಲಿಯುವುದು ನಮ್ಮ ಹತ್ತಿರ ಇರುವವರಿಗೆ! ಅಮೆರಿಕದ ಸಮಾಜವಿಜ್ಞಾನಿ ಜೇಮ್ಸ್ ಬೊಸಾರ್ಡ್ ಫಿಲಡೆಲ್ಫಿಯಾ ನಗರದಲ್ಲಿ ಮದುವೆಯ ಪರವಾನಗಿ ಪಡೆದ 5,000 ಜೋಡಿಗಳ ವಿಳಾಸಗಳನ್ನು ತೆಗೆದು ನೋಡಿದ. 1932ರಲ್ಲಿ ಪ್ರಕಟವಾದ ಅವನ ಲೆಕ್ಕದ ಪ್ರಕಾರ, ಮೂರರಲ್ಲಿ ಒಂದು ಭಾಗದಷ್ಟು ಜೋಡಿಗಳು ಮದುವೆಗೆ ಮುಂಚೆ ಐದು ಬೀದಿಗಳ ಅಂತರದೊಳಗೇ ವಾಸವಾಗಿದ್ದವರು. ಅಷ್ಟು ದೊಡ್ಡ ನಗರದಲ್ಲಿ 'ನಿನಗಾಗಿಯೇ ಹುಟ್ಟಿದವನು' ಐದು ಬೀದಿಯಾಚೆಯೇ ಹುಟ್ಟಿರಬೇಕೆ?

ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ವಿವಾಹಿತ ವಿದ್ಯಾರ್ಥಿಗಳ ವಸತಿಗೃಹಗಳಲ್ಲಿ ಯಾರು ಯಾರಿಗೆ ಸ್ನೇಹಿತರು ಎಂದು ಕೇಳಿದರು. ಅಲ್ಲಿ ಮನೆ ಹಂಚಿದ್ದು ಸಂಸ್ಥೆ, ಯಾರೂ ನೆರೆಯವರನ್ನು ಆರಿಸಿಕೊಂಡಿರಲಿಲ್ಲ. ಆದರೂ ಪಕ್ಕದ ಮನೆಯವರ ನಡುವೆ ಆಪ್ತ ಸ್ನೇಹ ಬೆಳೆದ ಪ್ರಮಾಣ ಶೇ. 41. ಒಂದು ಮನೆ ದಾಟಿದರೆ ಶೇ. 22. ಅದೇ ಮಹಡಿಯ ಆ ತುದಿ ಈ ತುದಿಯವರಿಗೆ ಶೇ. 10 ಮಾತ್ರ. ಮೆಟ್ಟಿಲ ಬುಡದಲ್ಲಿ ಮನೆಯಿದ್ದವರಿಗೆ ಮೇಲಿನ ಮಹಡಿಯಲ್ಲೂ ಸ್ನೇಹಿತರಿದ್ದರು. ಕಾರಣ ಇಷ್ಟೇ: ದಿನಕ್ಕೆ ನಾಲ್ಕು ಸಲ ಮುಖ ನೋಡುತ್ತಿದ್ದರು.

ಬರೀ ಮುಖ ನೋಡಿದರೆ ಸಾಕೇ? ಸಾಕು ಎನ್ನುತ್ತದೆ ರಾಬರ್ಟ್ ಜಾಯಾನ್ಸ್ 1968ರಲ್ಲಿ ಮಂಡಿಸಿದ ಸಿದ್ಧಾಂತ. ಪದೇ ಪದೇ ಕಂಡದ್ದು ಮನಸ್ಸಿಗೆ ಹಿತವೆನಿಸತೊಡಗುತ್ತದೆ. 1992ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬ ಇಬ್ಬರು ಇದನ್ನು ತರಗತಿಯಲ್ಲೇ ಪರೀಕ್ಷಿಸಿದರು. ನೋಡಲು ಹೆಚ್ಚುಕಡಿಮೆ ಒಂದೇ ತರಹ ಇದ್ದ ನಾಲ್ವರು ಯುವತಿಯರಲ್ಲಿ ಒಬ್ಬಳು ತರಗತಿಗೆ ಬರಲೇ ಇಲ್ಲ, ಉಳಿದವರು ಕ್ರಮವಾಗಿ 5, 10, 15 ಸಲ ಬಂದು ಸುಮ್ಮನೆ ಕೂತು ಹೋದರು. ಯಾರ ಜೊತೆಗೂ ಮಾತಿಲ್ಲ ಕತೆಯಿಲ್ಲ. ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ನಾಲ್ವರ ಭಾವಚಿತ್ರ ತೋರಿಸಿದಾಗ, ಹೆಚ್ಚು ಸಲ ಬಂದವಳೇ ಹೆಚ್ಚು ಇಷ್ಟವಾದಳು. ಅವಳನ್ನು ನೋಡಿದ್ದೇವೆಂಬ ನೆನಪು ಮಾತ್ರ ಬಹಳ ಮಂದಿಗೆ ಇರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮೊದಲ ನೋಟಕ್ಕೇ ಬೇಡವೆನಿಸಿದವರನ್ನು ಮತ್ತೆ ಮತ್ತೆ ಕಂಡರೆ ಒಲವು ಹುಟ್ಟುವುದಿಲ್ಲ, ಬೇಸರ ಹೆಚ್ಚುತ್ತದೆ. ನಾಯಕಿಯ ಹಿಂದೆ ಮೂರು ಹಾಡು ಸುತ್ತಿದರೆ ಅವಳು ಒಲಿಯುತ್ತಾಳೆಂದು ನಮ್ಮ ಸಿನಿಮಾಗಳು ಹುಡುಗರಿಗೆ ಹೇಳಿಕೊಟ್ಟಿವೆ. ಯಾವ ಪ್ರಯೋಗವೂ ಹಾಗೆ ಹೇಳುವುದಿಲ್ಲ. ಬೇಡವೆಂದ ಹೆಣ್ಣನ್ನು ಹಿಂಬಾಲಿಸುವುದು 2013ರಿಂದ ನಮ್ಮ ದೇಶದಲ್ಲಿ ಪ್ರತ್ಯೇಕ ಅಪರಾಧವೂ ಹೌದು.

ತುಮಕೂರಿನ ಹುಡುಗಿಗೆ ಮರಳೋಣ. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ. ಎರಡು ವರ್ಷ ಎದುರು ಸೀಟು. "ಮೊದಲ ಆರು ತಿಂಗಳು ಮಾತೇ ಆಡಿರಲಿಲ್ಲ. ಅವನು ಬಾರದ ದಿನ ಮಾತ್ರ ಏನೋ ಕಳೆದುಕೊಂಡ ಹಾಗೆ ಆಗ್ತಿತ್ತು" ಎಂದಳು. ಇದರಲ್ಲಿ ಅಸಹಜವಾದದ್ದೂ ಇಲ್ಲ, ಅಪರೂಪದ್ದೂ ಇಲ್ಲ.

ತೂಗುಸೇತುವೆಯ ಮೇಲೆ

ಅಭ್ಯಾಸದ ಹಿತ ಒಂದು, ಎದೆ ಡವಗುಟ್ಟುವ ಪ್ರೇಮ ಇನ್ನೊಂದು. ಎರಡನೆಯದನ್ನು ಕುರಿತ ಅತ್ಯಂತ ಪ್ರಸಿದ್ಧ ಪ್ರಯೋಗ ನಡೆದದ್ದು ಕೆನಡಾದಲ್ಲಿ, ವ್ಯಾಂಕೂವರ್ ಬಳಿಯ ಕ್ಯಾಪಿಲಾನೋ ಕಣಿವೆಯ ತೂಗುಸೇತುವೆಯ ಮೇಲೆ. ಉದ್ದ 450 ಅಡಿ, ಅಗಲ 5 ಅಡಿ, ಕೆಳಗೆ 230 ಅಡಿ ಆಳದಲ್ಲಿ ಬಂಡೆಗಳ ನಡುವೆ ಹರಿಯುವ ಹೊಳೆ. ಹಲಗೆಗಳನ್ನು ತಂತಿ ಹಗ್ಗಕ್ಕೆ ಕಟ್ಟಿದ ಸೇತುವೆ ಕಾಲಿಟ್ಟರೆ ತೂಗಾಡುತ್ತದೆ. ಡೊನಾಲ್ಡ್ ಡಟ್ಟನ್ ಮತ್ತು ಆರ್ಥರ್ ಆರನ್ ಎಂಬ ಮನೋವಿಜ್ಞಾನಿಗಳು ಅಲ್ಲಿ ಸುಂದರ ಯುವತಿಯೊಬ್ಬಳನ್ನು ನಿಲ್ಲಿಸಿದರು. ಸೇತುವೆಯ ಮೇಲೆ ಬಂದ ಒಂಟಿ ಗಂಡಸರನ್ನು ಅವಳು ತಡೆದು, ಒಂದು ಅಧ್ಯಯನ ನಡೆಸುತ್ತಿದ್ದೇನೆಂದು ಹೇಳಿ, ಒಂದು ಚಿತ್ರ ತೋರಿಸಿ ಅದರ ಮೇಲೆ ಪುಟ್ಟ ಕತೆ ಬರೆಸಿಕೊಳ್ಳುತ್ತಿದ್ದಳು. ಕೊನೆಗೆ, "ಹೆಚ್ಚಿನ ವಿವರ ಬೇಕಿದ್ದರೆ ಫೋನ್ ಮಾಡಿ" ಎಂದು ತನ್ನ ನಂಬರು ಬರೆದುಕೊಡುತ್ತಿದ್ದಳು. ಹತ್ತಿರದಲ್ಲೇ ಇದ್ದ, ತಗ್ಗಾದ, ಗಟ್ಟಿಮುಟ್ಟಾದ ಮರದ ಸೇತುವೆಯ ಮೇಲೂ ಇದನ್ನೇ ಮಾಡಲಾಯಿತು.

1974ರಲ್ಲಿ ಫಲಿತಾಂಶ ಪ್ರಕಟವಾಯಿತು. ಗಟ್ಟಿ ಸೇತುವೆಯ ಮೇಲೆ ನಂಬರು ಪಡೆದ 16 ಜನರಲ್ಲಿ ಫೋನ್ ಮಾಡಿದವರು ಇಬ್ಬರು. ತೂಗುಸೇತುವೆಯ ಮೇಲೆ ಪಡೆದ 18 ಜನರಲ್ಲಿ ಒಂಬತ್ತು! ಅವರು ಬರೆದ ಕತೆಗಳಲ್ಲೂ ಪ್ರಣಯದ ಛಾಯೆ ಹೆಚ್ಚಿತ್ತು.

ಏನಾಗಿರಬಹುದು? ಹೆದರಿದಾಗ ನಮ್ಮ ದೇಹದಲ್ಲಿ ಅಡ್ರಿನಲಿನ್ ಹಾರ್ಮೋನು ಸ್ರವಿಸುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಪ್ರಿಯವಾದವರು ಎದುರು ಬಂದಾಗಲೂ ಆಗುವುದು ಇದೇ. ದೇಹ ಗಂಟೆ ಬಾರಿಸುತ್ತದೆ, ಯಾಕೆ ಬಾರಿಸಿತು ಎಂದು ಹೇಳುವುದಿಲ್ಲ. ಕಾರಣ ಹುಡುಕುವುದು ಮನಸ್ಸಿನ ಕೆಲಸ. ಎದುರಿಗೆ ಚೆಲುವಾದ ಮುಖ ಇದ್ದರೆ, ಮನಸ್ಸು ಸೇತುವೆಯನ್ನು ಬಿಟ್ಟು ಮುಖವನ್ನು ಕಾರಣವಾಗಿ ಹಿಡಿದುಕೊಳ್ಳುತ್ತದೆ.

ತೂಗುಸೇತುವೆ ಏರುವವರು ಮೊದಲೇ ಧೈರ್ಯಸ್ಥರು, ಫೋನ್ ಮಾಡಲೂ ಅಂಜದವರು ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದಕ್ಕೇ ಡಟ್ಟನ್ ಮತ್ತು ಆರನ್ ಸೇತುವೆ ದಾಟಿ ಸುಧಾರಿಸಿಕೊಂಡು ಕೂತಿದ್ದವರನ್ನೂ ಪರೀಕ್ಷಿಸಿದರು. ಸೇತುವೆಯೇರುವ ಧೈರ್ಯ ಅವರಿಗೂ ಇತ್ತು, ಆದರೆ ಫೋನ್ ಮಾಡಿದವರ ಪ್ರಮಾಣ ಕಡಿಮೆ. 1981ರಲ್ಲಿ ಗ್ರೆಗರಿ ವೈಟ್ ಮತ್ತು ಸಂಗಡಿಗರು ಸೇತುವೆಯ ಗೋಜೇ ಬೇಡವೆಂದು ಯುವಕರನ್ನು ನಿಂತಲ್ಲೇ ಓಡಿಸಿದರು. ಎರಡು ನಿಮಿಷ ಓಡಿ ಏದುಸಿರು ಬಿಡುತ್ತಿದ್ದವರಿಗೆ ಸುಂದರಿ ಇನ್ನೂ ಸುಂದರಿಯಾಗಿ ಕಂಡಳು. ಬೇಕೆಂದೇ ಅಂದಗೆಡಿಸಿ ತೋರಿಸಿದ ಹುಡುಗಿ ಇನ್ನೂ ಕುರೂಪಿಯಾಗಿ ಕಂಡಳು. ಎಂದರೆ ಎದೆಬಡಿತ ಇಲ್ಲದ ಆಕರ್ಷಣೆಯನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಹಿಗ್ಗಿಸುತ್ತದೆ.

ನನ್ನ ಬಳಿ ಬರುವ ಯುವಜನರಿಗೆ ಈ ಪ್ರಯೋಗವನ್ನು ತಪ್ಪದೆ ಹೇಳುತ್ತೇನೆ. ಕಾಲೇಜಿನ ಪ್ರವಾಸ, ಪರೀಕ್ಷೆಯ ದಿನಗಳು, ಹೊಸ ಊರಿನ ಹಾಸ್ಟೆಲು, ಮನೆಯಲ್ಲಿ ಸಾವು ನೋವು, ಕದ್ದು ಭೇಟಿಯಾಗುವ ಭಯ ಎಲ್ಲವೂ ತೂಗುಸೇತುವೆಗಳೇ. ಆ ಹೊತ್ತಿನಲ್ಲಿ ಹುಟ್ಟಿದ ಒಲವು ಸುಳ್ಳೆಂದಲ್ಲ. ಸೇತುವೆ ಇಳಿದು ಗಟ್ಟಿ ನೆಲದ ಮೇಲೆ ನಿಂತಾಗಲೂ ಅದು ಹಾಗೆಯೇ ಇದೆಯೇ ಎಂದು ನೋಡಬೇಕು, ಅಷ್ಟೆ.

ಮಿದುಳಿನಲ್ಲಿ ಏನು ನಡೆಯುತ್ತದೆ?

ಊಟ, ನಿದ್ದೆ ಬಿಟ್ಟು ಸದಾ ಅದೇ ಧ್ಯಾನದಲ್ಲಿರುವ ಸ್ಥಿತಿಯನ್ನು ಡೊರೊಥಿ ಟೆನ್ನೊವ್ 1979ರಲ್ಲಿ ವಿವರವಾಗಿ ಬರೆದರು. ಅದಕ್ಕೆ ಅವರು ಇಟ್ಟ ಹೆಸರು ಲಿಮರೆನ್ಸ್. ಕನ್ನಡದಲ್ಲಿ 'ಪ್ರೇಮಗುಂಗು' ಎನ್ನೋಣ. ಅವಳ ಒಂದು ನಗು, ಅವನ ಒಂದು ಮಾತು ಇಡೀ ದಿನದ ಹವೆಯನ್ನೇ ಬದಲಿಸುತ್ತದೆ. ಒಲಿಯುತ್ತಾರೋ ಇಲ್ಲವೋ ಎಂಬ ಅನಿಶ್ಚಯವೇ ಗುಂಗಿಗೆ ಗೊಬ್ಬರ.

1999ರಲ್ಲಿ ಇಟಲಿಯ ಪೀಸಾದ ಡೊನಟೆಲ್ಲಾ ಮರಾಜಿಟಿ ಮತ್ತು ಸಹೋದ್ಯೋಗಿಗಳು, ಹೊಸದಾಗಿ ಪ್ರೇಮದಲ್ಲಿ ಬಿದ್ದ 20 ಜನರ ರಕ್ತ ಪರೀಕ್ಷಿಸಿದರು. ಸೆರೊಟೊನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ವ್ಯವಸ್ಥೆಯಲ್ಲಿ ಅವರಿಗೂ ಗೀಳು ರೋಗಿಗಳಿಗೂ ಹೋಲಿಕೆ ಕಂಡಿತು! ಕೆಲವರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ ಮತ್ತೆ ಪರೀಕ್ಷಿಸಿದಾಗ ಎಲ್ಲ ಮಾಮೂಲಿಗೆ ಬಂದಿತ್ತು. ಸಣ್ಣ ಅಧ್ಯಯನ, ಅದರ ಮೇಲೆ ಬಹಳ ಕಟ್ಟಬಾರದು. 2005ರಲ್ಲಿ ಹೆಲೆನ್ ಫಿಶರ್ ಮತ್ತು ಸಂಗಡಿಗರು 17 ಪ್ರೇಮಿಗಳಿಗೆ ಅವರವರ ಪ್ರಿಯರ ಭಾವಚಿತ್ರ ತೋರಿಸುತ್ತಾ ಮಿದುಳಿನ ಸ್ಕ್ಯಾನ್ ಮಾಡಿದರು. ಚುರುಕಾಗಿ ಕಂಡದ್ದು ಡೋಪಮಿನ್ ಹೇರಳವಾಗಿರುವ ಭಾಗಗಳು. ಬೇಕು ಎಂದದ್ದನ್ನು ಪಡೆಯುವವರೆಗೆ ಬಿಡದಂತೆ ನಮ್ಮನ್ನು ಓಡಿಸುವ ಭಾಗಗಳು ಇವು. ಹೀಗಾಗಿ ಗುಂಗಿನಲ್ಲಿರುವವರಿಗೆ "ಮರೆತುಬಿಡು" ಎನ್ನುವುದು ಬಾಯಾರಿದವರಿಗೆ ನೀರು ಮರೆತುಬಿಡು ಎಂದ ಹಾಗೆ.

ತಂದೆಗೆ ಹೇಳಿದೆ, "ಇದಕ್ಕೆ ಮಾತ್ರೆ ಇಲ್ಲ. ಇದು ರೋಗವೂ ಅಲ್ಲ. ಅವಳ ಊಟ, ನಿದ್ದೆ ಕೆಟ್ಟಿರುವುದು ಅವನನ್ನು ಕಂಡದ್ದರಿಂದಲ್ಲ, ಕಾಣದಂತೆ ಮಾಡಿದ್ದರಿಂದ."

ಮಾತು ಬಿಚ್ಚುವುದು

ಗುಂಗು ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ. ತಾಯಿ ಮಗುವಿನ ಬಾಂಧವ್ಯ ಕುರಿತು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಹೇಳಿದ್ದನ್ನು 1987ರಲ್ಲಿ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಪ್ರೇಮಕ್ಕೂ ಅನ್ವಯಿಸಿದರು. ಅವರು ಮಾಹಿತಿ ಕಲೆಹಾಕಿದ್ದು ಡೆನ್ವರ್‌ನ ದಿನಪತ್ರಿಕೆಯೊಂದರಲ್ಲಿ ಪ್ರಶ್ನಾವಳಿ ಅಚ್ಚು ಹಾಕಿಸಿ! ಉತ್ತರಗಳ ಪೈಕಿ 620ನ್ನು ವಿಶ್ಲೇಷಿಸಿದಾಗ ಶೇ. 56ರಷ್ಟು ಜನ ಹತ್ತಿರವಾಗಲು ಅಂಜದವರು. ಶೇ. 25 ಜನ ಹತ್ತಿರ ಬಂದರೆ ಹಿಂದೆ ಸರಿಯುವವರು. ಶೇ. 19 ಜನ ಎಲ್ಲಿ ಬಿಟ್ಟುಹೋಗುತ್ತಾರೋ ಎಂದು ಸದಾ ತಳಮಳಿಸುವವರು. ಬಾಲ್ಯದ ಪಾಠ ಹಣೆಬರಹವಲ್ಲ. ನಂಬಿಕೆಯ ಸಂಗಾತಿ ಸಿಕ್ಕರೆ ತಳಮಳ ಇಳಿಯುವುದನ್ನು ನಾವು ದಿನವೂ ನೋಡುತ್ತೇವೆ.

ಆಕರ್ಷಣೆ ಆತ್ಮೀಯತೆಯಾಗುವುದು ಮಾತಿನಿಂದ. ಸೇತುವೆಯ ಆರನ್ ಅವರೇ 1997ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಅಪರಿಚಿತರನ್ನು ಇಬ್ಬಿಬ್ಬರಾಗಿ ಕೂರಿಸಿ 36 ಪ್ರಶ್ನೆ ಕೊಟ್ಟರು. ಮೊದಮೊದಲು ಹಗುರವಾದವು, ಬರಬರುತ್ತಾ ಮನಸ್ಸಿನ ಒಳಗೆ ಇಳಿಯುವಂಥವು. ಒಬ್ಬರು ಹೇಳಿದ ಮೇಲೆ ಇನ್ನೊಬ್ಬರೂ ಹೇಳಬೇಕು. ಮುಕ್ಕಾಲು ಗಂಟೆಯಲ್ಲಿ ಅವರು, ಹವೆ ಮಳೆಯ ಮಾತಾಡಿದವರಿಗಿಂತ ಬಹಳ ಹತ್ತಿರವಾಗಿದ್ದರು. ಗುಟ್ಟು ಪ್ರಶ್ನೆಗಳಲ್ಲಿಲ್ಲ, ಸರದಿಯಲ್ಲಿದೆ. ನಾನು ಸ್ವಲ್ಪ ಬಿಚ್ಚಿದರೆ ನೀನೂ ಸ್ವಲ್ಪ ಬಿಚ್ಚಬೇಕು, ಬಿಚ್ಚಿದ್ದನ್ನು ಇಬ್ಬರೂ ಆಡಿಕೊಳ್ಳಬಾರದು.

ನಮ್ಮ ಹೆಣ್ಣು ನೋಡುವ ಶಾಸ್ತ್ರ ನೆನಪಾಗುತ್ತದೆ. ಕೇಸರಿಬಾತು, ಉಪ್ಪಿಟ್ಟು, ಹತ್ತು ಜನ ಹಿರಿಯರು. "ಮಾತಾಡೋದಿದ್ರೆ ಮಾತಾಡ್ಕೊಳ್ಳಿ" ಎಂದು ಕಳಿಸಿದರೂ ಬಾಗಿಲ ಹೊರಗೆ ಕಾಯುತ್ತಾ ಐದು ನಿಮಿಷ ಅವಕಾಶ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಕಟ್ಟಿಕೊಂಡ ನಾವು, ಅದೇ ಮದುವೆ ಒಡೆದಾಗ ಜಾತಕವನ್ನು ದೂರುತ್ತೇವೆ. ಹೊಂದಾಣಿಕೆ ನೋಡುವುದರಲ್ಲಿ ತಪ್ಪಿಲ್ಲ. ಅಭಿಪ್ರಾಯಗಳಲ್ಲಿ ಹೋಲಿಕೆ ಹೆಚ್ಚಾದಷ್ಟೂ ಆಕರ್ಷಣೆ ಹೆಚ್ಚುತ್ತದೆಂದು ಡಾನ್ ಬರ್ನ್ 1960ರ ದಶಕದಿಂದಲೇ ತೋರಿಸಿದ್ದಾರೆ. ಆದರೆ ನಾವು ನೋಡುವ ಹೊಂದಾಣಿಕೆ ನಕ್ಷತ್ರ, ಗೋತ್ರ, ಸಂಬಳದ್ದು. ಸಾಲ ಮಾಡುವುದರ ಬಗ್ಗೆ ಅವನಿಗೇನನ್ನಿಸುತ್ತದೆ, ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಳ್ಳುವ ಬಗ್ಗೆ ಅವಳ ಮನಸ್ಸೇನು ಎಂದು ಯಾರೂ ಕೇಳುವುದಿಲ್ಲ.

ಕೇಳದೆ ಇರುವುದರಲ್ಲಿ ಪ್ರೇಮಿಗಳೂ ಹಿಂದೆ ಬಿದ್ದಿಲ್ಲ. ಹಣದ ವಿಷಯ ಎಂದಾದರೂ ಮಾತಾಡಿದ್ದೀರಾ ಎಂದು ಆ ಹುಡುಗಿಯನ್ನು ಕೇಳಿದೆ. ಇಲ್ಲ ಎಂದಳು. ಮದುವೆಯ ನಂತರ ಎಲ್ಲಿ ಇರುವುದು? ಮಾತಾಡಿಲ್ಲ. ಎರಡು ವರ್ಷದ ಮಾತೆಲ್ಲ ರೈಲಿನದೇ. ಯಶವಂತಪುರ ಬಂದರೆ ಮಾತು ಮುಗಿಯಿತು.

ವಿರೋಧ ಮಾಡಿದರೆ ಗಟ್ಟಿಯಾಗುತ್ತದೆಯೇ?

ತಂದೆ ತಾಯಿ ಅಡ್ಡ ಬಂದಷ್ಟೂ ಪ್ರೇಮ ಹೆಚ್ಚುತ್ತದೆ ಎಂದು ನಂಬಿದವರು ಬಹಳ. 1972ರಲ್ಲಿ ರಿಚರ್ಡ್ ಡ್ರಿಸ್ಕಾಲ್ ಮತ್ತು ಸಂಗಡಿಗರು ಇದಕ್ಕೆ ಪುರಾವೆಯನ್ನೂ ಒದಗಿಸಿ, ಷೇಕ್ಸ್‌ಪಿಯರನ ನಾಟಕದ ನೆನಪಿಗೆ 'ರೋಮಿಯೋ ಜೂಲಿಯೆಟ್ ಪರಿಣಾಮ' ಎಂದು ಹೆಸರಿಟ್ಟರು. ಪಠ್ಯಪುಸ್ತಕಗಳಿಗೂ ಇದು ಹತ್ತಿತು. 2014ರಲ್ಲಿ ಕೊಲೀನ್ ಸಿಂಕ್ಲೇರ್ ಮತ್ತು ಸಂಗಡಿಗರು ಅದೇ ಅಧ್ಯಯನವನ್ನು ಮರಳಿ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ಮನೆಯವರು, ಸ್ನೇಹಿತರು ಒಪ್ಪಿದ ಜೋಡಿಗಳಲ್ಲೇ ಪ್ರೀತಿ ಹೆಚ್ಚು ಕಂಡಿತು. ವಿರೋಧವಿದ್ದಲ್ಲಿ ಸಂಬಂಧದ ಗುಣ ಕುಸಿದಿತ್ತು.

ಇದನ್ನು ಓದಿ "ನೋಡಿದಿರಾ, ವಿರೋಧಿಸಿದರೆ ತಾನಾಗಿ ಮುರಿಯುತ್ತದೆ" ಎಂದು ಯಾವ ತಂದೆಯೂ ಖುಷಿಪಡಬಾರದು. ವಿರೋಧ ಸಂಬಂಧವನ್ನು ಸೊರಗಿಸಬಹುದು, ಆದರೆ ಮದುವೆಯನ್ನು ತಡೆಯುತ್ತದೆಂದು ಅದರ ಅರ್ಥವಲ್ಲ. ಮನೆಯಿಂದ ಓಡಿಹೋಗಿ ರಿಜಿಸ್ಟರ್ ಮದುವೆಯಾಗಿ, ಆರು ತಿಂಗಳಿಗೆ ಜಗಳವಾಡಿ, ಹಿಂತಿರುಗಲು ಮನೆಯೂ ಇಲ್ಲದೆ ನಮ್ಮಲ್ಲಿಗೆ ಬಂದ ಹುಡುಗಿಯರನ್ನು ಕಂಡಿದ್ದೇನೆ. ಪರಸ್ಪರ ತಿಳಿದುಕೊಳ್ಳಲು ಅವರಿಗೆ ಬೇಕಿದ್ದ ಸಮಯವನ್ನೇ ಹೆದರಿಕೆ ಕಿತ್ತುಕೊಂಡಿತ್ತು.

ಹಿರಿಯರು ನೋಡಿ ಮಾಡಿದ ಮದುವೆಯೇ ಮೇಲೆಂಬ ವಾದಕ್ಕೆ ಜೈಪುರದ ಅಧ್ಯಯನವೊಂದನ್ನು ಆಧಾರವಾಗಿ ತೋರಿಸುವುದುಂಟು. 1982ರಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಅಲ್ಲಿನ 50 ದಂಪತಿಗಳ ಪ್ರೀತಿಯನ್ನು ಅಳೆದರು. ಪ್ರೇಮವಿವಾಹವಾದವರಲ್ಲಿ ಮೊದಲ ವರ್ಷಗಳಲ್ಲಿ ಅಂಕ ಹೆಚ್ಚಿದ್ದು ಆಮೇಲೆ ಇಳಿದಿತ್ತು. ಹಿರಿಯರು ಮಾಡಿದ ಮದುವೆಗಳಲ್ಲಿ ಕಡಿಮೆಯಿಂದ ಆರಂಭವಾಗಿ ಐದು ವರ್ಷದ ನಂತರ ಮೇಲೇರಿತ್ತು. ಕೇಳಲು ಚೆನ್ನಾಗಿದೆ, ಆದರೆ ಅವೇ ದಂಪತಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಲ್ಲ. 2012ರಲ್ಲಿ ಅಮೆರಿಕದಲ್ಲಿ ನೆಲೆಸಿದ ಭಾರತೀಯರನ್ನು ಪಮೆಲಾ ರೀಗನ್ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ ಎರಡು ಬಗೆಯ ಮದುವೆಗಳಲ್ಲೂ ಪ್ರೀತಿ, ತೃಪ್ತಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆತ್ಮೀಯತೆ, ಮೋಹ, ಬದ್ಧತೆ ಈ ಮೂರೂ ಸೇರಿದರೆ ತುಂಬುಪ್ರೀತಿ ಎಂದು ರಾಬರ್ಟ್ ಸ್ಟರ್ನ್‌ಬರ್ಗ್ 1986ರಲ್ಲಿ ಬರೆದರು. ಯಾವುದು ಮೊದಲು ಬರಬೇಕೆಂದು ಅವರು ನಿಯಮ ಮಾಡಲಿಲ್ಲ. ನಮ್ಮ ಅಜ್ಜಿಯರಿಗೆ ಬದ್ಧತೆ ಮೊದಲು ಬಂತು, ಮೊಮ್ಮಕ್ಕಳಿಗೆ ಮೋಹ ಮೊದಲು ಬರುತ್ತಿದೆ.

ಒಂದು ಮಾತು ಬಿಡುವಂತಿಲ್ಲ. ಒಲವು ಮುರಿದಾಗ ಅಥವಾ ಮನೆಯಲ್ಲಿ ಕೂಡಿಹಾಕಿದಾಗ ಬದುಕುವುದೇ ಬೇಡವೆನ್ನುವ ಮಾತು ಮಗ ಮಗಳ ಬಾಯಲ್ಲಿ ಬಂದರೆ ನಾಟಕವೆಂದು ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ, ಕೂಡಲೇ ವೈದ್ಯರ ಬಳಿ ಕರೆತನ್ನಿ. ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ತುಮಕೂರಿನವರಿಗೆ ನಾನು ಕೇಳಿಕೊಂಡದ್ದು ಆರು ತಿಂಗಳು. ಈ ಆರು ತಿಂಗಳಲ್ಲಿ ಹುಡುಗಿ ಮದುವೆಯ ನಿರ್ಧಾರ ಮಾಡಬಾರದು, ತಂದೆ ಬೇರೆ ಸಂಬಂಧ ತರಬಾರದು. ಹುಡುಗ ಮನೆಗೆ ಬಂದು ಹೋಗಲಿ, ಹಬ್ಬದ ದಿನ ಒಮ್ಮೆ, ಮನೆಯಲ್ಲಿ ಏನೂ ವಿಶೇಷವಿಲ್ಲದ ದಿನ ಒಮ್ಮೆ. ಇಬ್ಬರೂ ಹಣ, ಮನೆ, ಹಿರಿಯರು, ಕೆಲಸ ಎಲ್ಲವನ್ನೂ ಮಾತಾಡಲಿ. ತಂದೆ ಒಪ್ಪಿದರೆಂದು ಹೇಳಲಾರೆ. ಮಾತಿಲ್ಲದೆ ಎದ್ದು ಹೋದರು.

ನಾಲ್ಕು ತಿಂಗಳ ನಂತರ ಹುಡುಗಿ ತಾಯಿಯ ಜೊತೆ ಬಂದಳು. ಮೈ ಕೈ ತುಂಬಿಕೊಂಡಿತ್ತು. ಹುಡುಗನಿಗೂ ಅವಳಿಗೂ ಅವನ ಸಾಲದ ವಿಷಯದಲ್ಲಿ ಜೋರು ಜಗಳವಾಗಿ ಹದಿನೈದು ದಿನ ಮಾತು ಬಿಟ್ಟಿದ್ದರಂತೆ. ಆಮೇಲೆ ರಾಜಿ. ಮದುವೆ ಆಗುತ್ತೀರಾ ಎಂದು ಕೇಳಿದೆ. "ಇನ್ನೂ ಗೊತ್ತಿಲ್ಲ ಡಾಕ್ಟ್ರೇ. ಅವನ ತಂಗಿ ಮದುವೆ ಮುಗೀಲಿ ಅಂತಿದ್ದಾನೆ. ನನಗೂ ಅವಸರ ಇಲ್ಲ" ಎಂದಳು.

"ಅಪ್ಪ ಏನಂತಾರೆ?"

ಉತ್ತರ ಕೊಟ್ಟದ್ದು ತಾಯಿ. "ಇನ್ನೂ ಅವನ ಜೊತೆ ಸರಿಯಾಗಿ ಮಾತಾಡಲ್ಲ. ಆದ್ರೆ ಬಸ್ಸಿನಲ್ಲಿ ಇವಳಿಗೆ ಬೆನ್ನು ನೋವು ಬರುತ್ತೆ ಅಂತ ಹೋದ ತಿಂಗಳು ಅವರೇ ಸ್ಟೇಷನ್ನಿಗೆ ಹೋಗಿ ರೈಲಿನ ಪಾಸು ಮಾಡಿಸಿಕೊಂಡು ಬಂದ್ರು."